ಶುಕ್ರವಾರದ ಅರ್ಜಿ, ಭಾನುವಾರದ ಹಿಂಬರಹ

ನನ್ನ ಬಾಯಿ ಕೆಟ್ಟದ್ದು. ಚನ್ನಗಿರಿಯಲ್ಲಿ ತಾಲ್ಲೂಕು ಕಚೇರಿಯ ಎದುರಿಗಿರುವ ನನ್ನ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಗೆ ಒಮ್ಮೆ ಬಂದುಹೋದ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಆಧಾರ್ ಕಾರ್ಡು ಮನೆಯಲ್ಲಿ ಬಿಟ್ಟು ಬಂದು ಅರ್ಜಿ ಬೇಗ ಟೈಪ್ ಮಾಡಿ ಎನ್ನುವವರನ್ನು, ಸರ್ವೆ ನಂಬರನ್ನು ತಾವೇ ತಪ್ಪು ಹೇಳಿ ಆಮೇಲೆ ನನ್ನ ಮೇಲೆ ರೇಗುವವರನ್ನು ನಾನು ಸುಮ್ಮನೆ ಬಿಟ್ಟವಳಲ್ಲ. ಬೈಸಿಕೊಂಡವರೇ ಮರುವಾರ ಮತ್ತೆ ಬರುತ್ತಾರೆ, ಏಕೆಂದರೆ ನಾನು ಬರೆದ ಅರ್ಜಿಯಲ್ಲಿ ತಪ್ಪಿರುವುದಿಲ್ಲ. ಈ ಬಾಯಿಂದ ನನಗೆ ನಷ್ಟವೇನೂ ಆಗಿಲ್ಲ. ಆದದ್ದು ಜಗಳೂರಿನ ನನ್ನ ಗೆಳೆಯರೊಬ್ಬರಿಗೆ. ಅದನ್ನು ಬರೆಯಲೇ ಎಂದು ಮೆಸೇಜ್ ಹಾಕಿ ಕೇಳಿದಾಗ ಅವರು ಹತ್ತು ದಿನ ಬಿಟ್ಟು, "ಬರ್ಕೊಳ್ರಿ, ಹೆಸರೊಂದು ಬ್ಯಾಡ" ಎಂದರು. ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ. ಹಾಡುಗಾರರ ಹೆಸರೂ ಬರೆಯುವುದಿಲ್ಲ. ನೀವು ಹುಡುಕಿ ಕೇಳಿ, ಇದೆಂಥ ಹಾಡು ಅಂತ ನನಗೆ ಬೈಯುವುದು ಬೇಡ.

ನನಗೆ ಈ ಹಾಡುಗಳ ಹುಚ್ಚು ಹತ್ತಿದ್ದು ದಾವಣಗೆರೆಯಲ್ಲಿ, ಮದುವೆಗೆ ಮುಂಚೆ. ಒಂದು ಡಿಟಿಪಿ ಸೆಂಟರಿನಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಅಲ್ಲಿನ ಕಂಪ್ಯೂಟರಿನೊಳಗೆ ಯಾರೋ ಇಂಗ್ಲಿಷ್ ಹಾಡುಗಳ ಒಂದು ಫೋಲ್ಡರ್ ತುಂಬಿಸಿಟ್ಟು ಹೋಗಿದ್ದರು. ಒಂದು ಮಾತೂ ತಿಳಿಯುತ್ತಿರಲಿಲ್ಲ. ಆದರೆ ಆ ಗಿಟಾರಿನ ಒರಟು ಸದ್ದು, ಹಾಡುವವನ ಗಂಟಲು ಕೆಟ್ಟರೂ ಪರವಾಗಿಲ್ಲ ಎನ್ನುವಂಥ ಹಾಡು ಕೇಳಿದರೆ ನನಗಾಗಿಯೇ ಯಾರೋ ರೇಗುತ್ತಿದ್ದಾರೆ ಅನ್ನಿಸುತ್ತಿತ್ತು. ದೊಡ್ಡ ಕಂಪನಿಗಳ ಹಂಗಿಲ್ಲದೆ ನಾಲ್ಕು ಜನ ಗ್ಯಾರೇಜಿನಲ್ಲೋ ಮಲಗುವ ಕೋಣೆಯಲ್ಲೋ ಕೂತು ಮಾಡುವ ಇಂಥದ್ದಕ್ಕೆ ಇಂಡೀ ರಾಕ್ ಅನ್ನುತ್ತಾರೆಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಮೇಲೆ ಎಲೆಕ್ಟ್ರಾನಿಕ್ ಪಾಪ್ ಬಂತು, ಕಂಪ್ಯೂಟರಿನಲ್ಲೇ ಕಟ್ಟಿದ ಹಾಡುಗಳು. ಮನೆಯಲ್ಲಿ ಅತ್ತೆ "ಅದೇನದು, ತಗಡು ಬಡ್ದಂಗೆ" ಅನ್ನುತ್ತಿದ್ದರು. ಗಂಡ ಏನೂ ಅನ್ನುತ್ತಿರಲಿಲ್ಲ, ಈಗಲೂ ಅನ್ನುವುದಿಲ್ಲ. ಹಾಡಿನ ಬಗ್ಗೆ ಮಾತಾಡಲು ಈ ಊರಿನಲ್ಲಿ ನನಗೊಂದು ನರಪಿಳ್ಳೆಯೂ ಇರಲಿಲ್ಲ.

ಒಂದು ದಿನ ಒಂದು ಬ್ಯಾಂಡಿನ ವಿಡಿಯೋ ಕೆಳಗೆ, ಜಗತ್ತಿನವರೆಲ್ಲ ಇಂಗ್ಲಿಷಿನಲ್ಲಿ ಬರೆದಿದ್ದ ಕಮೆಂಟುಗಳ ನಡುವೆ ಕನ್ನಡದಲ್ಲಿ ಹಾಕಿದೆ: "ದಾವಣಗೆರೆ ಕಡೆಯವರು ಯಾರಾದರೂ ಇದ್ದೀರಾ?" ಉತ್ತರ ಬರುತ್ತದೆಂಬ ಆಸೆಯೇನೂ ಇರಲಿಲ್ಲ. ಎರಡು ತಿಂಗಳಲ್ಲಿ ಮೂರು ಜನ ಬಂದರು. ಒಬ್ಬರು ಹೊನ್ನಾಳಿಯವರು, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಇನ್ನೊಬ್ಬಳು ನ್ಯಾಮತಿಯ ಹುಡುಗಿ, ಶಾಲೆಯಲ್ಲಿ ಟೀಚರು. ಮೂರನೆಯವರು ಜಗಳೂರಿನವರು, ಬೋರ್‌ವೆಲ್ ಲಾರಿಯಲ್ಲಿ ಕೊರೆಯುವ ಆಪರೇಟರು. ವಾಟ್ಸ್ಆಪಿನಲ್ಲಿ ಗುಂಪು ಮಾಡಿದೆವು. ನಾನೇ ಎಲ್ಲರಿಗಿಂತ ದೊಡ್ಡವಳು, ಅದಕ್ಕೆ ಅವರಿಗೆಲ್ಲ ಅಕ್ಕ.

ಹೊಸ ಆಲ್ಬಮ್ಮುಗಳು ಲೋಕದ ತುಂಬ ಬಿಡುಗಡೆಯಾಗುವುದು ಶುಕ್ರವಾರ. ಪ್ರತಿ ಶುಕ್ರವಾರ ಒಬ್ಬರ ಸರದಿ. ಅವರು ಆ ವಾರದ ಒಂದು ಆಲ್ಬಮ್ಮನ್ನು ಉಳಿದವರಿಗೆ ಶಿಫಾರಸು ಮಾಡಬೇಕು. ಬರೀ ಲಿಂಕ್ ಕಳಿಸಿ ಬೆಂಕಿಯ ಚಿತ್ರ ಹಾಕಿದರೆ ನಾನು ಸುಮ್ಮನಿರುತ್ತಿರಲಿಲ್ಲ. ಹಾಗೆ ಬೈದ ಒಂದು ದಿನ ಹೊನ್ನಾಳಿಯವರು, "ಹಂಗಾದ್ರೆ ನಿಮ್ಮ ಅಂಗಡ್ಯಾಗೆ ಬರೆಯೋ ಅರ್ಜಿ ತರಾನೇ ಬರೀತೀವಿ ಬಿಡ್ರಿ" ಎಂದು ತಮಾಷೆಗೆ ಬರೆದರು. ಅದೇ ಪದ್ಧತಿಯಾಗಿಬಿಟ್ಟಿತು. "ವಿಷಯ: ಈ ದಿನ ಬಿಡುಗಡೆಯಾದ ಎಲೆಕ್ಟ್ರಾನಿಕ್ ಪಾಪ್ ಆಲ್ಬಂ ಆಲಿಸುವ ಬಗ್ಗೆ. ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ..." ಹೀಗೆ ಶುರುವಾಗಿ, ಏಕೆ ಕೇಳಬೇಕು, ಯಾವ ಹಾಡಿನಿಂದ ಶುರು ಮಾಡಬೇಕು, ಎಲ್ಲಿ ಬೇಸರವಾಗಬಹುದು, ಎಲ್ಲವನ್ನೂ ಬರೆಯಬೇಕು. ಉಳಿದವರು ಕೊಡುವ ಉತ್ತರಕ್ಕೆ ಕಚೇರಿಯವರು ಕೊಡುವ ಹಾಗೆ ಹಿಂಬರಹ ಎಂದು ಹೆಸರು. ಕೊನೆಯಲ್ಲಿ "ಅಂಗೀಕರಿಸಲಾಗಿದೆ" ಅಥವಾ "ತಿರಸ್ಕರಿಸಲಾಗಿದೆ". ನನ್ನನ್ನು ತಹಶೀಲ್ದಾರ್ ಮಾಡಿ ಕೂರಿಸಿದ್ದರು. ನನ್ನ ಹಿಂಬರಹ ಬಂದ ಮೇಲೇ ಆ ವಾರದ ಕಡತ ಮುಗಿಯುತ್ತಿದ್ದದ್ದು.

ನಿಯಮಗಳನ್ನು ಮಾಡಿದವಳೂ ನಾನೇ. ಮನೆ ವಿಷಯ ಇಲ್ಲಿ ಬೇಡ, ಹಾಡಷ್ಟೇ. ಆಲ್ಬಮ್ಮನ್ನು ಪೂರ್ತಿ ಎರಡು ಸಲ ಕೇಳಬೇಕು, ಅದೂ ಇಯರ್‌ಫೋನಿನಲ್ಲಿ, ಫೋನಿನ ಸ್ಪೀಕರಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ. ಭಾನುವಾರ ಸಂಜೆಯೊಳಗೆ ಹಿಂಬರಹ ಕೊಡದಿದ್ದರೆ ಅವರ ಮುಂದಿನ ಸರದಿ ರದ್ದು. ಹೊನ್ನಾಳಿಯವರಿಗೆ ಸರದಿ ಎಷ್ಟು ಸಲ ತಪ್ಪಿತೋ, ಟೀಚರಿಗೂ ಪರೀಕ್ಷೆ ಬಂದಾಗಲೆಲ್ಲ ತಪ್ಪುತ್ತಿತ್ತು. ಹೋದ ವರ್ಷದವರೆಗೆ ಒಂದು ಸಲವೂ ತಪ್ಪಿಸದವರೆಂದರೆ ಜಗಳೂರಿನವರು. ಅವರನ್ನು ತೋರಿಸಿ ಉಳಿದಿಬ್ಬರಿಗೆ ಬೈಯುತ್ತಿದ್ದೆ. "ಬೋರ್ ಲಾರಿ ಮೇಲಿರೋ ಮನುಷ್ಯ ಕೇಳ್ತಾರೆ, ಫ್ಯಾನಿನ ಕೆಳಗೆ ಕೂತ ನಿಮಗೇನ್ರಪ್ಪಾ ರೋಗ?" ಅವರು ಯಾವಾಗ, ಎಲ್ಲಿ ಕೂತು ಕೇಳುತ್ತಾರೆಂದು ನಾನು ಒಂದು ದಿನವೂ ಕೇಳಲಿಲ್ಲ.

ಅವರ ಕಿವಿ ಅಂಥದ್ದು. ನಾವು ಮೂರು ಜನ ಹಾಡು ಕೇಳುತ್ತಿದ್ದೆವು, ಅವರು ಹಾಡಿನ ಹಿಂದಿನ ಕೋಣೆಯನ್ನೇ ಕೇಳುತ್ತಿದ್ದರು. "ಸದರಿ ಗಾಯಕಿಯು ಮೂರನೇ ಹಾಡಿಗೆ ಮುನ್ನ ಕುರ್ಚಿ ಎಳೆದುಕೊಂಡಿರುತ್ತಾರೆ, ದಯಮಾಡಿ ಗಮನಿಸುವುದು" ಎಂದು ಬರೆಯುತ್ತಿದ್ದರು. ನಾವು ಓಡಿಹೋಗಿ ಕೇಳಿದರೆ ಹೌದು, ಕುರ್ಚಿಯೇ! ಕಲ್ಲು ಬಂತೋ, ಮಣ್ಣು ಬಂತೋ, ನೀರು ಹತ್ತಿರ ಐತೋ ಎಂಬುದು ಆಪರೇಟರಿಗೆ ಸದ್ದಿನಲ್ಲೇ ಗೊತ್ತಾಗಬೇಕಂತೆ, ಆ ಕೆಲಸವೇ ತನ್ನ ಕಿವಿ ತಿದ್ದಿದ್ದು ಅನ್ನುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಇಂಗ್ಲಿಷನ್ನು ಹಾಡಿನ ಸಾಲು ಓದಿ ಓದಿ ತಾವೇ ಕಲಿತವರು. ಅವರಿಗೆ ನಮ್ಮ ಗುಂಪಿನ ಹೊರಗೆ ಯಾರೂ "ಇವನಿಗೆ ಗೊತ್ತೈತೆ" ಎಂದು ಹೇಳಿದವರಿರಲಿಲ್ಲ. ಇದನ್ನು ಅವರೇ ಒಮ್ಮೆ ಬರೆದಿದ್ದರು, ತಕ್ಷಣ ಅಳಿಸಿದರು. ನಾನು ಅಳಿಸುವ ಮುಂಚೆ ಓದಿಬಿಟ್ಟಿದ್ದೆ.

ಹೋದ ವರ್ಷದ ಬೇಸಿಗೆ ಹೊತ್ತಿಗೆ ಅವರ ಹಿಂಬರಹಗಳು ಕೆಡತೊಡಗಿದವು. "ಈಗಿನ ಬ್ಯಾಂಡಿನವರಿಗೆ ಏನಾಗಿದೆ? ಡ್ರಮ್ಮಿನ ತಾಳದ ತಟ್ಟೆಗಳ ಸದ್ದನ್ನು ಇಷ್ಟು ಸಣ್ಣಗೆ ಏಕೆ ಇಡುತ್ತಾರೆ?" ಎಂದರು. ಮರುವಾರ ಇನ್ನೊಂದಕ್ಕೂ ಅದೇ ದೂರು. ಟೀಚರ್ ಕಳಿಸಿದ ಶಿಲ್ಲಾಂಗಿನ ಒಂದು ಗುಂಪಿನ ಆಲ್ಬಮ್ಮನ್ನು "ಕಂಬಳಿ ಮುಚ್ಚಿ ಹಾಡಿದಂತಿದೆ" ಎಂದು ತಿರಸ್ಕರಿಸಿದರು. ಆ ಹುಡುಗಿ ಬೇಜಾರು ಮಾಡಿಕೊಂಡಳು. ಆಮೇಲೆ ನನ್ನ ಸರದಿ ಬಂತು. ಉತ್ತರದ ಯಾವುದೋ ಚಳಿದೇಶದ ಒಬ್ಬಳು, ಪಿಸುಮಾತಿನಲ್ಲಿ ಹಾಡುವವಳು, ಕೆಳಗೆ ಮಳೆಹನಿಯಷ್ಟು ಸಣ್ಣ ಎಲೆಕ್ಟ್ರಾನಿಕ್ ಸದ್ದುಗಳು. ಅಷ್ಟು ಚಂದದ ಆಲ್ಬಂ ನನಗೆ ಆ ವರ್ಷ ಸಿಕ್ಕಿರಲಿಲ್ಲ. ಅರ್ಜಿ ಬರೆಯುವುದಕ್ಕೆ ಒಂದು ಗಂಟೆ ತೆಗೆದುಕೊಂಡೆ. ಅವರ ಹಿಂಬರಹ ಬಂತು: "ಈ ಹೆಣ್ಣುಮಗಳು ಏನು ಹಾಡುತ್ತಾಳೋ ತಿಳಿಯುವುದಿಲ್ಲ. ಸಣ್ಣ ಸದ್ದು ಇದೆ ಎಂದು ತಾವು ಬರೆದಿರುತ್ತೀರಿ, ಅಂಥದ್ದೇನೂ ಕಂಡುಬಂದಿರುವುದಿಲ್ಲ. ತಿರಸ್ಕರಿಸಲಾಗಿದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಅಂಗಡಿಯಲ್ಲಿ ಜನ ನಿಂತಿದ್ದರು, ಅವರನ್ನು ನಿಲ್ಲಿಸಿಯೇ ಟೈಪ್ ಮಾಡಿದೆ. ಆ ಸಾಲುಗಳು ನನಗೆ ಬಾಯಿಪಾಠ: "ಅರ್ಜಿದಾರರ ಆಕ್ಷೇಪಣೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ದೋಷವು ಸದರಿ ಆಲ್ಬಮ್ಮಿನಲ್ಲಿ ಇರದೆ ಅರ್ಜಿದಾರರ ಎರಡೂ ಕಿವಿಗಳಲ್ಲಿ ಇರುವುದು ಕಂಡುಬಂದಿರುತ್ತದೆ. ಸದರಿ ಕಿವಿಗಳನ್ನು ತಪಾಸಣೆಗೆ ಒಳಪಡಿಸಿ, ವರದಿಯೊಂದಿಗೆ ಹಾಜರಾಗತಕ್ಕದ್ದು. ಅಲ್ಲಿಯವರೆಗೆ ಅರ್ಜಿದಾರರ ಸರದಿಯನ್ನು ತಡೆಹಿಡಿಯಲಾಗಿದೆ." ಹೊನ್ನಾಳಿಯವರು ನಕ್ಕು ಅಳುವ ಮುಖದ ಚಿತ್ರಗಳನ್ನು ಸಾಲುಗಟ್ಟಿ ಹಾಕಿದರು. ಟೀಚರ್ "ಅಕ್ಕಾ, ಸೂಪರ್" ಎಂದಳು. ಜಗಳೂರಿನಿಂದ ಏನೂ ಬರಲಿಲ್ಲ. ನನಗೆ ಅವತ್ತು ಊಟ ಚೆನ್ನಾಗಿ ಸೇರಿತು.

ಮೂರು ವಾರ ಅವರು ಮಾತಾಡಲಿಲ್ಲ. ನಾಲ್ಕನೇ ವಾರ, "ತಹಶೀಲ್ದಾರರ ಆದೇಶದಂತೆ ತಪಾಸಣೆ ಮುಗಿದಿರುತ್ತದೆ, ಸರದಿ ಮರಳಿಸಬೇಕಾಗಿ ಕೋರಿಕೆ" ಎಂದು ಹಾಕಿದರು. ನಾವು ನಕ್ಕೆವು. ಮರಳಿಸಿದೆ. ಅಲ್ಲಿಂದ ಅವರು ಬರೆದ ಅರ್ಜಿಗಳೆಂದರೆ! ದೂರಿಲ್ಲ, ಗೊಣಗಾಟವಿಲ್ಲ. ಒಂದೊಂದು ಹಾಡಿನ ಗುಟ್ಟನ್ನೂ ಬಿಡಿಸಿ ಬರೆಯುತ್ತಿದ್ದರು. ಅವರು ಆರಿಸಿದ್ದು ಒಂದೂ ಸುಳ್ಳಾಗಲಿಲ್ಲ. "ನೋಡಿ, ಒಮ್ಮೆ ಬೈಸಿಕೊಂಡರೆ ಮನುಷ್ಯ ಹೇಗೆ ದಾರಿಗೆ ಬರುತ್ತಾನೆ" ಎಂದು ಗಂಡನಿಗೆ ಹೇಳಿದೆ. ಎಂಟು ತಿಂಗಳು ನಾನು ಅವರ ಒಂದು ಅರ್ಜಿಯನ್ನೂ ತಿರಸ್ಕರಿಸಲಿಲ್ಲ.

ಆಮೇಲೆ ಆ ಐದನೇ ಹಾಡು ಬಂತು. ಅವರ ಸರದಿಯ ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆಲ್ಲ ಅರ್ಜಿ ಬಂದಿತ್ತು. ಒಬ್ಬಳೇ ಮನೆಯಲ್ಲಿ ಕೂತು ಮಾಡಿ, ತಾನೇ ಇಂಟರ್‌ನೆಟ್ಟಿಗೆ ಏರಿಸಿದ ಎಲೆಕ್ಟ್ರಾನಿಕ್ ಪಾಪ್ ಆಲ್ಬಂ. "ಐದನೇ ಹಾಡಿನಲ್ಲಿ ಡ್ರಮ್ಮು ತಡವಾಗಿ ಬರುತ್ತದೆ, ಬಾಗಿಲು ತಟ್ಟಲೋ ಬೇಡವೋ ಎಂದು ನಿಂತವನ ಹಾಗೆ" ಎಂದು ಬರೆದಿದ್ದರು. ನಾನು ಆ ಸಾಲನ್ನು ಎರಡು ಸಲ ಓದಿ ಖುಷಿಪಟ್ಟೆ. ಮಧ್ಯಾಹ್ನ ಟೀಚರ್ ನನಗೊಬ್ಬಳಿಗೆ ಮೆಸೇಜ್ ಹಾಕಿದಳು. "ಅಕ್ಕಾ, ನನ್ನ ಫೋನ್ ಕೆಟ್ಟಿದೆಯಾ? ಐದನೇ ಹಾಡಿನಲ್ಲಿ ನಾಲ್ಕು ನಿಮಿಷ ಏನೂ ಇಲ್ಲ." ನಾನೂ ಹಾಕಿ ನೋಡಿದೆ. ಏನೂ ಇಲ್ಲ, ಬರೀ ಮೌನ. ರಾತ್ರಿ ಆ ಗಾಯಕಿಯೇ ಕ್ಷಮೆ ಕೇಳಿ ಬರೆದಳು: ಏರಿಸುವಾಗ ತಪ್ಪಿ ಖಾಲಿ ಫೈಲು ಹೋಗಿದೆ, ಶನಿವಾರ ಸರಿಯಾಗುತ್ತದೆ. ಶನಿವಾರ ಸರಿಯಾಯಿತು. ಡ್ರಮ್ಮು ನಿಜವಾಗಿಯೂ ತಡವಾಗಿಯೇ ಬಂತು.

ಹಾಗಾದರೆ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಇವರು ಕೇಳಿದ್ದೇನು? ತಲೆ ಕೆಟ್ಟು ಹುಡುಕಿದೆ. ಬಿಡುಗಡೆಗೆ ಮುಂಚೆಯೇ ಆಲ್ಬಂ ಸಿಕ್ಕಿದ್ದ ಒಬ್ಬ ವಿಮರ್ಶಕ ಇಂಗ್ಲಿಷಿನಲ್ಲಿ ಬರೆದ ಬರಹ ಸಿಕ್ಕಿತು. ಬಾಗಿಲು ಅದರಲ್ಲೇ ಇತ್ತು, ನಿಂತವನೂ ಇದ್ದ. ಹಿಂದಿನ ಅರ್ಜಿಗಳನ್ನು ತೆಗೆದು ಒಂದೊಂದಾಗಿ ಹುಡುಕಿದೆ. ಎಂಟು ತಿಂಗಳಿನ ಒಂದೊಂದು ಗುಟ್ಟೂ ಎಲ್ಲೆಲ್ಲಿಂದಲೋ ಬಂದದ್ದು. ಕಳ್ಳ! ಕೇಳದೆಯೇ ಬರೆಯುತ್ತಿದ್ದ ಕಳ್ಳ! ಮಾತು ಕೆಟ್ಟರೂ ಸೈ, ಮುಖಕ್ಕೇ ಹೇಳಿ ಬರಬೇಕೆಂದು ನಿಶ್ಚಯಿಸಿದೆ. ಜಗಳೂರಿನಲ್ಲಿ ನೆಂಟರ ಗೃಹಪ್ರವೇಶವೊಂದಿತ್ತು, ಹೋಗುವ ಮನಸ್ಸಿರಲಿಲ್ಲ, ಈಗ ಬಂತು. "ಬರ್ತಿದ್ದೀನಿ, ಸಿಗ್ತೀರಾ?" ಎಂದು ಹಾಕಿದೆ. ಒಂದು ದಿನ ತಡೆದು, ಬೋರ್‌ವೆಲ್ ಏಜೆನ್ಸಿಯ ಯಾರ್ಡಿನ ದಾರಿ ಬರೆದು ಕಳಿಸಿದರು. ನಾಲ್ಕು ವರ್ಷದಲ್ಲಿ ನಾವು ಮುಖ ನೋಡಿದವರಲ್ಲ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋಗಿ, ಗೃಹಪ್ರವೇಶದ ಊಟ ಮುಗಿಸಿ ಯಾರ್ಡಿಗೆ ನಡೆದೆ. ಕಬ್ಬಿಣದ ರಾಡುಗಳ ರಾಶಿಯ ಪಕ್ಕ ಒಬ್ಬರು ಕುಕ್ಕರಗಾಲಿನಲ್ಲಿ ಕೂತು ಗ್ರೀಸು ಹಚ್ಚುತ್ತಿದ್ದರು. ಅವರೇ ಎಂದು ವಾಟ್ಸ್ಆಪಿನ ಫೋಟೋದಿಂದ ಗುರುತಾಯಿತು. ಹಿಂದಿನಿಂದ ಕರೆದೆ. ತಿರುಗಲಿಲ್ಲ. ಇನ್ನೂ ಜೋರಾಗಿ ಕರೆದೆ. ನಾನು ಬಂದದ್ದು ಗೊತ್ತಿದ್ದೂ ಮುಖ ತೋರಿಸಲು ನಾಚಿಕೆ ಅಂದುಕೊಂಡು, "ಮಾಡಬಾರದ್ದು ಮಾಡಿ ಈಗ ಕಿವುಡಾದ್ರೇನ್ರೀ?" ಎಂದು ಕೂಗಿದೆ.

ಯಾರ್ಡಿನ ಹಿಂದಿನ ಎರಡು ಕೋಣೆಯ ಮನೆಯಿಂದ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತಾ ಬಂದಳು. "ಮುಂದೆ ಬಂದು ಮಾತಾಡ್ರಿ ಅಕ್ಕಾ. ಹಿಂದಿಂದ ಕೂಗಿದ್ರೆ ಅವರಿಗೆ ಕೇಳಂಗಿಲ್ಲ" ಎಂದಳು. ಅವರ ಹೆಂಡತಿ. ನನ್ನನ್ನು ಯಾವುದೋ ಹಳ್ಳಿಯಿಂದ ಬೋರ್ ಕೊರೆಸಲು ಬಂದವಳು ಅಂದುಕೊಂಡಿದ್ದಳು. ನನ್ನ ಕೈಗೆ ನೀರು ಕೊಟ್ಟು, ಗಂಡನಿಗೆ ಸನ್ನೆ ಮಾಡುವ ಮುಂಚೆ, ತಾನಾಗಿಯೇ ಹೇಳಿದಳು. "ಮೊದ್ಲು ಆಪರೇಟ್ರೇ ಇದ್ರು. ಈಗ ಸದ್ದು ಗೊತ್ತಾಗಲ್ಲ, ಅದಕ್ಕೆ ಲಾರಿ ಹತ್ತಂಗಿಲ್ಲ ಅಂದ್ರು. ರಾಡು ತೊಳ್ಯೋದು, ಗ್ರೀಸ್ ಹಚ್ಚೋದು, ಇಷ್ಟೇ."

"ಹೇಗಾಯ್ತು?" ಎಂದೆ.

"ದಾವಣಗೆರೆ ಡಾಕ್ಟ್ರು ಹೇಳಿದ್ರು, ನರ ಹೋಗೈತೆ, ವಾಪಸ್ ಬರಲ್ಲ ಅಂತ. ಬರೀ ಲಾರಿ ಸದ್ದಾಗಿದ್ರೆ ಇಷ್ಟು ಬೇಗ ಹೋಗ್ತಿರ್ಲಿಲ್ಲಂತೆ. ಇವರು ಲಾರಿ ಮೇಲೆ ನಿಂತ್ಕೊಂಡೇ ಕಿವಿಗೆ ವೈರ್ ಹಾಕ್ಕೊಂಡು ಹಾಡು ಕೇಳೋರು. ಆ ಕಂಪ್ರೆಸರ್ ಸದ್ದು ಮೀರಿ ಕೇಳ್ಬೇಕಂದ್ರೆ ಎಷ್ಟು ಜೋರಿಡ್ಬೇಕು ಹೇಳ್ರಿ? ಶನಿವಾರ, ಭಾನುವಾರ ಲಾರಿಗೆ ಬಿಡುವೇ ಇರ್ತಿರ್ಲಿಲ್ಲ. ಮನೀಗೆ ಬಂದು ಕೇಳ್ರಿ ಅಂದ್ರೆ, ಇಲ್ಲ, ಭಾನ್ವಾರ ಸಂಜಿ ಒಳಗೆ ಎರಡು ಸಲ ಕೇಳಿ ಮುಗಿಸ್ಬೇಕು, ಇಲ್ಲಾಂದ್ರೆ ಒಬ್ರು ಮೇಡಂ ಬೈತಾರೆ ಅನ್ನೋರು. ಯಾವ ಪುಣ್ಯಾತ್ಗಿತ್ತಿನೋ."

ನೀರಿನ ಲೋಟ ನನ್ನ ಕೈಯಲ್ಲೇ ಇತ್ತು. ಆ ಮೇಡಂ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಯಾರಿಗೂ ಹೆದರದ ಬಾಯಿ! ಅವಳು ಗಂಡನ ಭುಜ ಮುಟ್ಟಿ ನನ್ನ ಕಡೆ ತೋರಿಸಿ ಟೀ ಇಡಲು ಒಳಗೆ ಹೋದಳು.

ಅವರು ಎದ್ದು ನಿಂತು, ನೋಡಿ, ನಕ್ಕರು. "ಅಕ್ಕಾ ಬಂದ್ರಾ!" ಎಂದರು. ದನಿ ಬೇಕಾದ್ದಕ್ಕಿಂತ ದೊಡ್ಡದು, ಏರಿಳಿತವಿಲ್ಲದ್ದು. ನಾನು ಏನೋ ಅಂದೆ, ಅವರು ನನ್ನ ತುಟಿ ನೋಡಿದರು, ತಲೆಯಾಡಿಸಿದರು, ಅರ್ಥವಾಗಿರಲಿಲ್ಲ. ಬ್ಯಾಗಿನಿಂದ ಗೃಹಪ್ರವೇಶದ ಆಮಂತ್ರಣದ ಲಕೋಟೆಯನ್ನು ತೆಗೆದು ಅದರ ಹಿಂದೆ ಬರೆದೆ: "ಯಾವಾಗ ಗೊತ್ತಾಯಿತು?"

"ನೀವು ತಪಾಸಣೆ ಮಾಡ್ಸಿ ಅಂದ್ರಲ್ಲ, ಅದನ್ನು ಓದಿ ಒಂದು ವಾರ ಸಿಟ್ಟು ಬಂದಿತ್ತು. ಆಮ್ಯಾಲೆ ಅನ್ನಿಸ್ತು, ಅಕ್ಕ ಸುಮ್ಮನೆ ಹೇಳೋರಲ್ಲ ಅಂತ. ಹೋಗಿ ಮಾಡ್ಸಿದೆ. ಅರ್ಧ ಆಗ್ಲೇ ಹೋಗಿತ್ತು ನೋಡ್ರಿ. ಉಳಿದದ್ದು ಆರು ತಿಂಗ್ಳಾಗೆ ಹೋಯ್ತು." ಮಳೆ ಬಂದು ಹೋಯಿತು ಅನ್ನುವಷ್ಟು ಸಲೀಸಾಗಿ ಹೇಳಿದರು. "ಮಷೀನ್ ಕೊಟ್ಟಾರೆ. ಹಾಕಿದ್ರೆ ಮಾತು ಒಂದೀಟು ತಿಳೀತದೆ. ಹಾಡು ಬರಲ್ಲ. ಎಲ್ಲಾ ಡಬ್ಬಿ ಬಡ್ದಂಗೆ."

ನಾನು ಬರೆದೆ: "ನನ್ನ ನಿಯಮದಿಂದ ಹೀಗಾಯಿತು." ಅವರು ಅದನ್ನು ಓದಿದರು. ಇಲ್ಲ ಎನ್ನಲಿಲ್ಲ.

"ನಿಯಮ ನಿಮ್ದು. ಜೋರಾಗಿ ಇಟ್ಟೋನು ನಾನು" ಎಂದರು. "ನಮ್ಮನೆಯಾಕೆಗೆ ಮಾತ್ರ ನೀವ್ಯಾರು ಅಂತ ಹೇಳ್ಬ್ಯಾಡ್ರಿ."

ಆಮೇಲೆ ಅವರೇ ಕೇಳಿದರು. "ಆ ಐದನೇ ಹಾಡು ಹೆಂಗೈತೆ ಅಕ್ಕಾ, ನಿಜವಾಗ್ಲೂ? ಬರ್ದು ತೋರ್ಸ್ರಿ." ಲಕೋಟೆಯಲ್ಲಿ ಉಳಿದ ಜಾಗದ ತುಂಬ ಬರೆದೆ. ನಿಧಾನ ಎಂದೆ, ತಣ್ಣಗಿದೆ ಎಂದೆ, ಮೊದಲು ಅವಳ ದನಿ, ಆಮೇಲೆ ಡ್ರಮ್ಮು ಎಂದೆ. ನಾಲ್ಕು ವರ್ಷ ಹಾಡಿನ ಬಗ್ಗೆ ಪುಟಗಟ್ಟಲೆ ಬರೆದವಳು ನಾನು. ಅವರು ಓದಿ ಲಕೋಟೆಯನ್ನು ಮರಳಿಸಿದರು. "ಇದನ್ನ ಇಂಗ್ಲಿಷಿನಾಗೆ ಓದೇನಿ. ಇದ್ರಾಗೆ ಹಾಡೆಲ್ಲೈತೆ?" ಎಂದರು. ವ್ಯಂಗ್ಯವಾಗಿ ಅಲ್ಲ, ನಿಜವಾಗಿ ಹುಡುಕಿದವರ ಹಾಗೆ ಕೇಳಿದರು. ನಾನು ಲಕೋಟೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಹೊರಡುವಾಗ ಗೇಟಿನವರೆಗೆ ಬಂದರು. "ಅವರಿಬ್ರಿಗೆ ಹೇಳ್ಬ್ಯಾಡ್ರಿ. ಕದ್ದು ಬರೀತೀನಿ, ತಪ್ಪೇ. ಆದ್ರೆ ನನಗೆ ಈ ಗುಂಪೊಂದೇ ಐತೆ. ಅಲ್ಲಿ ನಾನಿನ್ನೂ ಕೇಳೋನು. ನಿಮ್ಮ ಹತ್ರ ಒಂದೇ ಒಂದು ಬೇಡ್ತೀನಿ. ನಂಗೆ ಅಯ್ಯೋ ಪಾಪ ಅನ್ಬ್ಯಾಡ್ರಿ. ಆಲ್ಬಂ ಚೆನ್ನಾಗಿಲ್ಲಾಂದ್ರೆ ಮೊದ್ಲಿನಂಗೇ ಬೈರಿ. ನೀವು ಬೈಯೋ ತನಕ ಅಲ್ಲಿ ನಾನು ಎಲ್ರಂಗೆ. ನೀವು ಬಿಟ್ಟ ದಿನ ನಾನು ಹೊರಗಿನೋನು." ನಾನು ತಲೆಯಾಡಿಸಿದೆ. ಅದು ಸಾಲದೆಂದು ಅವರು ಕೈ ಚಾಚಿದರು, ಗ್ರೀಸು ಮೆತ್ತಿದ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ದಾವಣಗೆರೆಯವರೆಗೆ ಬಸ್ಸಿನಲ್ಲಿ ಅಳುತ್ತಲೇ ಬಂದೆ. ಪಕ್ಕದ ಸೀಟಿನ ಅಜ್ಜಿ ಯಾರು ಹೋದರು ಎಂದು ಕೇಳಿದಳು.

ಊರಿಗೆ ಬಂದ ಮೇಲೆ ಭಾನುವಾರದ ಗಡುವನ್ನು ತೆಗೆದುಹಾಕಿದೆ. ಯಾಕೆ ಎಂದು ಹೊನ್ನಾಳಿಯವರು ಕೇಳಿದರೆ, ನನಗೆ ವಯಸ್ಸಾಯ್ತು ಎಂದೆ. ತೆಗೆದು ಯಾರಿಗೆ ಏನು ಉಪಕಾರವಾಯಿತೋ. ನಾನು ಹಾಡು ಕೇಳುವುದೇ ಕಷ್ಟವಾಗಿತ್ತು. ಒಂದು ಸಣ್ಣ ಸದ್ದು ಕಿವಿಗೆ ಬಿದ್ದರೂ, ಇದು ಅವರಿಗೆ ಯಾವ ತಿಂಗಳಿನಿಂದ ಕೇಳದೆ ಹೋಗಿರಬಹುದು ಅನ್ನಿಸುತ್ತಿತ್ತು. ಕುರ್ಚಿ ಎಳೆದ ಸದ್ದಂತೂ ಬಂದರೆ ತಡೆಯಲಾಗುತ್ತಿರಲಿಲ್ಲ.

ಮೂರು ವಾರದ ಮೇಲೆ ಅವರ ಸರದಿ ಬಂತು. ಲಂಡನ್ನಿನ ನಾಲ್ಕು ಜನರ ಹೊಸ ಗಿಟಾರ್ ಆಲ್ಬಂ. ಅರ್ಜಿ ಚೆನ್ನಾಗಿತ್ತು, ಮೊದಲಿಗಿಂತ ಚಿಕ್ಕದು. ಆಲ್ಬಂ ಮಾತ್ರ, ಛೀ, ಹೇಳಬಾರದು. ಹತ್ತು ಹಾಡಿಗೂ ಒಂದೇ ಡ್ರಮ್ಮು, ಒಂದೇ ಗೋಳು. ಎರಡು ಸಲ ಕೇಳುವಷ್ಟರಲ್ಲಿ ತಲೆನೋವು ಬಂತು. ಟೀಚರ್ "ನನಗ್ಯಾಕೋ ಹಿಡಿಸಲಿಲ್ಲ, ಅಕ್ಕ ಏನಂತಾರೋ ನೋಡೋಣ" ಎಂದು ಹಾಕಿದಳು. ಹೊನ್ನಾಳಿಯವರು "ಉಪ್ಪಿಲ್ದ ಮೊಸರನ್ನ" ಎಂದು ಬರೆದು, "ತಹಶೀಲ್ದಾರರು ಬರ್ಲಿ, ಮಾಡ್ತಾರೆ ಇವತ್ತು ಇವರಿಗೆ" ಎಂದು ಸೇರಿಸಿದರು.

ಭಾನುವಾರ ಅಂಗಡಿಯ ಬಾಗಿಲು ಅರ್ಧ ಹಾಕಿಕೊಂಡು ಕೂತು ಹಿಂಬರಹ ಬರೆದೆ. ಎಂದಿನ ಹಾಗೇ ಬಂತು, ಒಳ್ಳೆ ಖಾರವಾಗಿಯೇ ಬಂತು. ಕಳಿಸುವ ಮುಂಚೆ ಒಮ್ಮೆ ಓದಿದೆ. ಕೇಳಲಾಗದವನಿಗೆ, ನಾನೇ ಕೇಳಲಾಗದ ಹಾಗೆ ಮಾಡಿದವನಿಗೆ, ನಿಮಗೆ ಕೇಳಲು ಬರುವುದಿಲ್ಲ ಎಂದು ಬರೆದಿದ್ದೆ. ಎಲ್ಲ ಅಳಿಸಿದೆ. ಇನ್ನೊಂದು ಬರೆದೆ, ಅದನ್ನೂ ಅಳಿಸಿದೆ. ಒಂದು ಗಂಟೆ ಹಾಗೇ ಹೋಯಿತು. ಕೊನೆಗೆ ಇಷ್ಟು ಕಳಿಸಿದೆ: "ಸದರಿ ಆಲ್ಬಮ್ಮನ್ನು ಎರಡನೇ ಸಲ ಆಲಿಸಲಾಗಿ ಸಾಕಷ್ಟು ಹಿಡಿಸಿರುತ್ತದೆ. ಅಂಗೀಕರಿಸಲಾಗಿದೆ." ಒಂದೇ ಒಂದು ಸಲ, ಮುಂದಿನ ಸಲದಿಂದ ಬೈದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ.

ಐದು ನಿಮಿಷಕ್ಕೆ ನನಗೊಬ್ಬಳಿಗೇ ಅವರ ಮೆಸೇಜ್ ಬಂತು. "ಈ ಆಲ್ಬಮ್ಮನ್ನು ಪ್ರಪಂಚದಲ್ಲಿ ಒಬ್ಬನೂ ಹೊಗಳಿಲ್ಲ ಅಕ್ಕಾ. ಎಲ್ಲಾ ಕಡೆ ಓದಿಯೇ ಆರಿಸಿದ್ದೆ. ನೀವು ಏನ್ಮಾಡ್ತೀರೋ ನೋಡ್ಬೇಕಿತ್ತು."

ನಾನು ಉತ್ತರ ಟೈಪ್ ಮಾಡುತ್ತಿದ್ದ ಹಾಗೇ ಗುಂಪಿನಲ್ಲಿ ಆ ಸಣ್ಣ ಬೂದು ಅಕ್ಷರದ ಸಾಲು ಬಂತು, ಅವರು ಗುಂಪು ತೊರೆದಿದ್ದಾರೆ ಎಂದು. ಫೋನ್ ಮಾಡುವ ಹಾಗಿರಲಿಲ್ಲ. ಹತ್ತು ಮೆಸೇಜ್ ಹಾಕಿದೆ. ತಪ್ಪಾಯ್ತು ಎಂದೆ, ಆಲ್ಬಂ ದರಿದ್ರವಾಗಿದೆ, ನಿಮಗೆ ಬುದ್ಧಿ ಇಲ್ಲ, ಈಗ ಬೈದಿದ್ದೇನಲ್ಲ, ವಾಪಸ್ ಬನ್ನಿ ಎಂದೆ. ನೋಡಿದರು, ಉತ್ತರಿಸಲಿಲ್ಲ.

ಗುಂಪಿನಲ್ಲಿ ಉಳಿದಿಬ್ಬರು ಗಾಬರಿಯಾಗಿದ್ದರು. ಏನಾಯ್ತು, ಯಾಕೆ ಹೋದರು, ಆಲ್ಬಂ ಅಂಗೀಕಾರ ಆದ ಮೇಲೆ ಯಾರಾದರೂ ಹೋಗುತ್ತಾರಾ ಎಂದು ಒಂದೇ ಸಮನೆ ಕೇಳಿದರು. ಮಾತು ಕೊಟ್ಟಿದ್ದೆ, ಹೇಳುವ ಹಾಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೊನ್ನಾಳಿಯವರು ಬರೆದರು: "ಅಕ್ಕಾ, ಬೇಜಾರಾಗ್ಬ್ಯಾಡ್ರಿ, ನೀವು ಪರ್ಸನಲ್ಲಾಗಿ ಏನಾದ್ರೂ ಬೈದ್ರಾ ಅವರಿಗೆ?"

ಹೌದು, ಬೈದೆ ಎಂದು ಬರೆದೆ.